ಟೀಚರೇ, ಆ ಅಮಿಷ್ ಜನ ನಿಜವಾಗಿ ಕ್ಷಮಿಸಿದರಾ?

ಹೋದ ತಿಂಗಳು ಇಲ್ಲಿ, ಸಿಟ್ಟು ಇಳಿಯುವುದೇ ಇಲ್ಲ ಎಂದು ಬರೆದವರೊಬ್ಬರಿಗೆ ಉತ್ತರ ಕೊಡುವಾಗ ಅಮೆರಿಕದ ಅಮಿಷ್ ಜನರ, ಅಂದರೆ ಹಳೆಯ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರ, ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ತಮ್ಮ ಹೆಣ್ಣುಮಕ್ಕಳನ್ನು ಕೊಂದವನ ಮನೆಗೆ ಅವತ್ತೇ ಹೋಗಿ ಅವನ ಹೆಂಡತಿಯನ್ನು ಸಮಾಧಾನ ಮಾಡಿದವರು ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕೆಲವರಿಗೆ ನಂಬಿಕೆ ಇಲ್ಲ, ಕೆಲವರಿಗೆ ನನ್ನ ಮೇಲೆಯೇ ಸಿಟ್ಟು, ಇನ್ನು ಕೆಲವರದ್ದು ಓದುವಾಗ ಕೈ ನಡುಗುವಂಥ ಪತ್ರ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಅಡಿಕೆ ಹಳದಿ ರೋಗದ ಬಗ್ಗೆ ಕೇಳಿದವರು ಕೃಷಿಭವನಕ್ಕೇ ಹೋಗಿ, ನನ್ನನ್ನು ಕಾಯಬೇಡಿ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ (ಕುಂಬಳೆ): ಟೀಚರೇ, ನೀವು ಬರೆದದ್ದನ್ನು ನಮ್ಮ ಕಾಲೇಜಿನ ಗ್ರೂಪಿಗೆ ಹಾಕಿದೆ. ಆಗ ಒಬ್ಬ ಇನ್ನೊಂದು ಫಾರ್ವರ್ಡ್ ಕಳಿಸಿದ. ಅಮಿಷ್ ತಂದೆತಾಯಿ ಆ ಕೊಲೆಗಾರನನ್ನು ಜೈಲಿನಿಂದ ಬಿಡಿಸಿ ಮಗನ ಹಾಗೆ ಸಾಕಿದರು ಅಂತ ಅದರಲ್ಲಿದೆ. ನಿಜವಾ?

ಉತ್ತರ: ಸುಳ್ಳು. ಅವನು ಜೈಲಿಗೆ ಹೋಗಲೇ ಇಲ್ಲ, ಅಲ್ಲೇ ಗುಂಡು ಹೊಡೆದುಕೊಂಡು ಸತ್ತ.

ನಡೆದದ್ದು 2006ರ ಅಕ್ಟೋಬರ್ 2ರಂದು, ಸೋಮವಾರ. ನಮ್ಮಲ್ಲಿ ಅವತ್ತು ಗಾಂಧಿ ಜಯಂತಿ, ಶಾಲೆಗೆ ರಜೆ. ಅಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್ ಎಂಬಲ್ಲಿ ಒಂದೇ ಕೋಣೆಯ ಅಮಿಷ್ ಶಾಲೆ ನಡೆಯುತ್ತಿತ್ತು. 32 ವರ್ಷದ ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಅಮಿಷ್ ಅಲ್ಲ, ಆದರೆ ಪಕ್ಕದವನೇ. ಅಮಿಷ್ ಮನೆಗಳ ಹಟ್ಟಿಗಳಿಂದ ಹಾಲು ಸಾಗಿಸುವ ಟ್ಯಾಂಕರ್ ಓಡಿಸುತ್ತಿದ್ದವನು, ಮೂರು ಮಕ್ಕಳ ತಂದೆ. ಗಂಡುಮಕ್ಕಳನ್ನೂ ದೊಡ್ಡ ಹೆಂಗಸರನ್ನೂ ಹೊರಗೆ ಕಳಿಸಿದ, ಹತ್ತು ಹುಡುಗಿಯರನ್ನು ಒಳಗೇ ಇಟ್ಟುಕೊಂಡ. ಪೊಲೀಸರು ಸುತ್ತುವರಿದಾಗ ಹತ್ತೂ ಜನರಿಗೆ ಗುಂಡು ಹೊಡೆದ. ಐವರು ತೀರಿಕೊಂಡರು. ಸತ್ತವರ ವಯಸ್ಸು 7ರಿಂದ 13, ಅದರಲ್ಲಿ ಇಬ್ಬರು ಒಂದೇ ಮನೆಯ ಅಕ್ಕತಂಗಿಯರು. ಒಂಬತ್ತು ವರ್ಷ ಹಿಂದೆ ಅವನ ಮೊದಲ ಮಗು ಹುಟ್ಟಿದ ಕೂಡಲೇ ಹೋಗಿತ್ತಂತೆ, ಅದರಿಂದ ದೇವರ ಮೇಲೆ ಸಿಟ್ಟು ಅಂತ ಹೆಂಡತಿಗೆ ಚೀಟಿ ಬರೆದಿಟ್ಟಿದ್ದ.

ಆಮೇಲಿನದ್ದು ನೀವು ಕೇಳಿದ ವಿಷಯ. ಅದೇ ದಿನ ಸಂಜೆ ಕೆಲವು ಅಮಿಷ್ ಗಂಡಸರು ಅವನ ಹೆಂಡತಿಯನ್ನು ಹುಡುಕಿಕೊಂಡು ಹೋದರು. ಅವಳಿಗೆ ಕೆಟ್ಟದ್ದು ಬಯಸುವುದಿಲ್ಲ ಅಂತ ಹೇಳಿ ಬಂದರು. ಇನ್ನೊಬ್ಬರು ಅವನ ಅಪ್ಪನ ಮನೆಗೆ ಹೋದರು, ಅಳುತ್ತಿದ್ದ ಆ ಮುದುಕರನ್ನು ಹಿಡಿದುಕೊಂಡು ನಿಂತರು. ಆ ಮನೆಗೆ ಊಟ ಕಳಿಸಿದರು. ಶನಿವಾರ ಅವನನ್ನು ಮಣ್ಣು ಮಾಡುವಾಗ ಸೇರಿದ್ದವರು ಸುಮಾರು 75 ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಮಿಷರು. ಹಿಂದಿನ ಒಂದೆರಡು ದಿನಗಳಲ್ಲಿ ತಮ್ಮ ಮಗಳನ್ನೇ ಮಣ್ಣು ಮಾಡಿ ಬಂದ ತಂದೆತಾಯಿಯೂ ಅದರಲ್ಲಿದ್ದರು. ಟಿವಿಯವರ ಕ್ಯಾಮೆರಾಗಳಿಗೆ ಆ ಹೆಂಡತಿ ಮಕ್ಕಳ ಮುಖ ಕಾಣದ ಹಾಗೆ ಇವರೇ ಅಡ್ಡ ನಿಂತರು. ಲೋಕದ ಎಲ್ಲ ಕಡೆಯಿಂದ ದುಡ್ಡು ಬರತೊಡಗಿದಾಗ ಅವನ ಮಕ್ಕಳಿಗೂ ಒಂದು ಪಾಲು ಇರಲಿ ಅಂದರು. ಹತ್ತೇ ದಿನದಲ್ಲಿ, ಅಕ್ಟೋಬರ್ 12ರಂದು, ಆ ಶಾಲೆಯನ್ನು ಕೆಡವಿ ಹುಲ್ಲುಗಾವಲು ಮಾಡಿದರು. ಬೇರೆ ಕಡೆ ಹೊಸ ಶಾಲೆ ಕಟ್ಟಿ 2007ರ ಏಪ್ರಿಲ್ 2ಕ್ಕೆ ತೆರೆದರು.

ಇಷ್ಟು ನಿಜ ಇರುವಾಗ ಜೈಲಿನ ಕಥೆ ಯಾಕೆ ಕಟ್ಟುತ್ತಾರೋ ನನಗೆ ಗೊತ್ತಾಗುವುದಿಲ್ಲ.

ಪ್ರಶ್ನೆ (ಬದಿಯಡ್ಕ): ನನ್ನ ತೋಟದ ಗಡಿಯ ಅಗಳನ್ನು ಒಂದು ಮೊಳ ಒತ್ತಿದ ನೆರೆಮನೆಯವನನ್ನೇ ನನಗೆ ಎಂಟು ವರ್ಷದಿಂದ ಕ್ಷಮಿಸಲಿಕ್ಕೆ ಆಗಿಲ್ಲ. ಮಗಳು ಸತ್ತ ಸಂಜೆಯೇ ಕ್ಷಮಿಸಿದೆವು ಅಂದರೆ ಅದು ಬಾಯಿಮಾತು ಅಲ್ವಾ? ಅಥವಾ ಅವರಿಗೆ ಮಕ್ಕಳ ಮೇಲೆ ಪ್ರೀತಿ ಕಮ್ಮಿಯಾ?

ಉತ್ತರ: ಎರಡನೆಯದ್ದನ್ನು ಸಿಟ್ಟಿನಲ್ಲಿ ಕೇಳಿದ್ದೀರಿ ಅಂದುಕೊಳ್ಳುತ್ತೇನೆ. ಮೊದಲನೆಯದ್ದು ಒಳ್ಳೆಯ ಪ್ರಶ್ನೆ. ಆಗಲೇ ಅಮೆರಿಕದ ಪತ್ರಿಕೆಗಳಲ್ಲೂ ಇದನ್ನು ಕೇಳಿದವರಿದ್ದರು. ಮಕ್ಕಳನ್ನು ಕೊಂದರೂ ಯಾರಿಗೂ ಸಿಟ್ಟು ಬರದ ಸಮಾಜ ಯಾರಿಗೆ ಬೇಕು ಅಂತ ಒಬ್ಬರು ಬರೆದೇಬಿಟ್ಟರು.

ಒಂದು ವಿಷಯ ತಿಳಿದರೆ ಗೊಂದಲ ಅರ್ಧ ಹೋಗುತ್ತದೆ. ಅವರು ಆ ಸಂಜೆ ಹೇಳಿದ್ದು ನಮ್ಮ ಸಿಟ್ಟು ಹೋಯಿತು ಅಂತ ಅಲ್ಲ. ಸೇಡು ತೀರಿಸುವುದಿಲ್ಲ, ಆ ಮನೆಯವರಿಗೆ ಕೆಟ್ಟದ್ದು ಬಯಸುವುದಿಲ್ಲ ಅಂತ. ಅದು ತೀರ್ಮಾನ. ಮನಸ್ಸು ಆ ತೀರ್ಮಾನದ ಹಿಂದಿನಿಂದ ಕುಂಟುತ್ತ ಬಂತು. ಕೆಲವರದ್ದು ವರ್ಷಗಟ್ಟಲೆ ತೆಗೆದುಕೊಂಡಿತು. ದಿನಾ ಬೆಳಿಗ್ಗೆ ಎದ್ದು ಮತ್ತೆ ಹೊಸದಾಗಿ ಕ್ಷಮಿಸಬೇಕಾಗುತ್ತದೆ ಎಂದು ಅಲ್ಲಿನ ತಂದೆತಾಯಿಯರೇ ಆಮೇಲೆ ಹೇಳಿದ್ದಾರೆ. ವಿದ್ಯುತ್ತನ್ನೇ ಮನೆಗೆ ಸೇರಿಸದ ಆ ಜನ ಮನಸ್ಸಿಗೆ ಮದ್ದು ಮಾಡುವ ಹೊರಗಿನ ಕೌನ್ಸೆಲರ್‌ಗಳ ಹತ್ತಿರ ಮಕ್ಕಳನ್ನೂ ಕರೆದುಕೊಂಡು ಹೋದರು. ದುಃಖ ಇಲ್ಲದಿದ್ದರೆ ಅದೆಲ್ಲ ಯಾಕೆ?

ಇನ್ನು, ಆ ತೀರ್ಮಾನವಾದರೂ ಅಷ್ಟು ಬೇಗ ಹೇಗೆ ಬಂತು ಅಂದರೆ, ಅದನ್ನು ಅವರು ಆ ಸಂಜೆ ಮಾಡಿದ್ದೇ ಅಲ್ಲ, ಅವರ ಅಜ್ಜನ ಅಜ್ಜಂದಿರು ಮಾಡಿಟ್ಟದ್ದು. ಯೇಸು ಕಲಿಸಿದ ಪ್ರಾರ್ಥನೆ ಇದೆಯಲ್ಲ, 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನೂ ಕ್ಷಮಿಸು' ಅನ್ನುವುದು, ಅದನ್ನು ಅಮಿಷ್ ಮಕ್ಕಳು ಮಾತು ಬರುವಾಗಲೇ ಕಲಿಯುತ್ತಾರೆ, ಮನೆಯಲ್ಲೂ ಶಾಲೆಯಲ್ಲೂ ಹೇಳುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತಿದೆ: ನೀವು ಕ್ಷಮಿಸದಿದ್ದರೆ ದೇವರೂ ನಿಮ್ಮನ್ನು ಕ್ಷಮಿಸುವುದಿಲ್ಲ. ಬೇರೆ ಕ್ರೈಸ್ತರು ಇದನ್ನು ಓದಿ ಮುಂದೆ ಹೋಗುತ್ತಾರೆ, ಇವರು ಅಲ್ಲೇ ನಿಂತರು. ಇವರಿಗೆ ಕ್ಷಮೆ ದೊಡ್ಡ ಗುಣ ಅಲ್ಲ, ಕಟ್ಟಳೆ.

ಕಥೆಗಳೂ ಹಾಗೆಯೇ. ಅಮಿಷರ ಹಿರಿಯರು 16ನೇ ಶತಮಾನದ ಯುರೋಪಿನವರು. ಎಳೆಮಕ್ಕಳಿಗೆ ದೀಕ್ಷಾಸ್ನಾನ ಬೇಡ, ದೊಡ್ಡವರಾಗಿ ತಿಳಿದ ಮೇಲೆ ಸಾಕು ಅಂದದ್ದಕ್ಕೆ ಅವರನ್ನು ನೀರಿಗೆ ಮುಳುಗಿಸಿ, ಬೆಂಕಿಗೆ ಹಾಕಿ ಕೊಂದರು. ಹಾಗೆ ಸತ್ತವರ ಕಥೆಗಳ ದಪ್ಪ ಪುಸ್ತಕ, 1660ರಲ್ಲಿ ಮೊದಲು ಅಚ್ಚಾದದ್ದು, ಇವತ್ತಿಗೂ ಅಮಿಷ್ ಮನೆಗಳಲ್ಲಿ ಇರುತ್ತದೆ. ಅದರಲ್ಲಿ ಎಲ್ಲರ ಬಾಯಲ್ಲಿರುವ ಕಥೆ ಡಿರ್ಕ್ ವಿಲ್ಲೆಮ್ಸ್‌ನದ್ದು. 1569ರಲ್ಲಿ ಹಾಲೆಂಡಿನ ಆಸ್ಪೆರೆನ್ ಎಂಬಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಸೆರೆಯಲ್ಲಿ ಉಪವಾಸ ಬಿದ್ದು ಮೈ ಹಗುರವಾಗಿತ್ತು, ದಾಟಿದ. ಹಿಂದಿನಿಂದ ಬಂದ ಕಾವಲಿನವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ಹಿಂದೆ ಬಂದು ಅವನನ್ನು ಎಳೆದು ಬದುಕಿಸಿದ. ಬದುಕಿದವನು ಇವನನ್ನೇ ಹಿಡಿದುಕೊಟ್ಟ. ಡಿರ್ಕ್‌ನನ್ನು ಜೀವಂತ ಸುಟ್ಟರು. ಮಕ್ಕಳಿಗೆ ಹೇಳುವ ಕಥೆ ಇದು! ಒಳ್ಳೆಯದು ಮಾಡಿದವನಿಗೆ ಒಳ್ಳೆಯದಾಯಿತು ಅಂತ ಮುಗಿಯುವುದೇ ಇಲ್ಲ.

ನಿಮ್ಮ ಅಗಳಿನ ವಿಷಯ: ಸರ್ವೆಯರ್‌ನನ್ನು ಕರೆಸಿ ಅಳೆಸಿ. ಅದಕ್ಕೆ ಕ್ಷಮೆ ಬೇಡ, ಸರ್ವೆ ಕಲ್ಲು ಸಾಕು.

ಪ್ರಶ್ನೆ (ಮುಳ್ಳೇರಿಯ): ಟೀಚರೇ, ನನ್ನ ಅಣ್ಣನನ್ನು ಜಾಗದ ಜಗಳದಲ್ಲಿ ಇರಿದು ಕೊಂದರು. ಕೇಸು ನಡೆಯುತ್ತಿದೆ, ನೋಡಿದ ಸಾಕ್ಷಿ ನಾನೊಬ್ಬಳೇ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನದಿಂದ ಊರಿನ ಹಿರಿಯರು ಬಂದು ಆದದ್ದಾಯಿತು, ಕ್ಷಮಿಸಿಬಿಡು, ಕೋರ್ಟಿನಲ್ಲಿ ನೆನಪಿಲ್ಲ ಅಂತ ಹೇಳು ಅನ್ನುತ್ತಿದ್ದಾರೆ. ಹೋದ ತಿಂಗಳು ನಿಮ್ಮ ಅಂಕಣವನ್ನೂ ತಂದು ತೋರಿಸಿದರು. ನಾನು ಕಾನತ್ತೂರಿನ ದೈವಗಳಿಗೆ ಹರಕೆ ಹೇಳಿಕೊಂಡಿದ್ದೇನೆ. ಅದು ಕ್ಷಮೆಯೋ ಶಾಪವೋ ನನಗೇ ಗೊತ್ತಿಲ್ಲ. ನಾನು ಏನು ಮಾಡಲಿ?

ಉತ್ತರ: ಮಗಳೇ, ನೀನು ಸತ್ಯ ಹೇಳು. ಕೋರ್ಟಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳು. ನನ್ನ ಅಂಕಣ ತಂದವರಿಗೆ ಈ ಅಂಕಣವನ್ನೂ ಓದಲು ಕೊಡು.

ಅಮಿಷರು ಕ್ಷಮಿಸುತ್ತಾರೆ, ಸುಳ್ಳು ಸಾಕ್ಷಿ ಹೇಳುವುದಿಲ್ಲ. 1957ರಲ್ಲಿ ಒಹಾಯೋ ರಾಜ್ಯದಲ್ಲಿ ಒಬ್ಬ ಅಮಿಷ್ ಯುವಕನನ್ನು ಅವನ ಮನೆಯಲ್ಲೇ ಕೊಂದರು. ಕೊಂದವನಿಗೆ ಮರಣದಂಡನೆ ಅಂತ ತೀರ್ಪಾಯಿತು. ಅಮಿಷರು ಗವರ್ನರಿಗೆ ಪತ್ರದ ಮೇಲೆ ಪತ್ರ ಬರೆದು ಅವನ ಜೀವ ಉಳಿಸಿ ಎಂದು ಬೇಡಿದರು. ಅದಕ್ಕೆ ಕೆಲವೇ ಗಂಟೆ ಇರುವಾಗ ಅದು ಜೀವಾವಧಿ ಶಿಕ್ಷೆಯಾಯಿತು.  ಅವರು ಬೇಡಿದ್ದು ಅವನ ಜೀವವನ್ನು, ಕೊಲೆ ನಡೆಯಲೇ ಇಲ್ಲ ಅಂತ ಹೇಳಲಿಲ್ಲ.

ನಮ್ಮ ಕಾನೂನನ್ನೂ ತಿಳಿದುಕೋ. ಕೊಲೆ, ಅಂದರೆ ಹಿಂದಿನ 302ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 103, ರಾಜಿ ಮಾಡಿ ಮುಗಿಸುವ ಕೇಸೇ ಅಲ್ಲ. ಕೇಸು ನಡೆಸುವುದು ಸರಕಾರ, ನೀನಲ್ಲ. ಆದ್ದರಿಂದ 'ವಾಪಸ್ ತಗೋ' ಅನ್ನುವ ಮಾತಿಗೆ ಅರ್ಥ ಇಲ್ಲ, ಅವರು ಕೇಳುತ್ತಿರುವುದು ನಿನ್ನ ಸಾಕ್ಷಿ ತಿರುಗಿಸು ಅಂತ. ಅದು ಅಪರಾಧ, ಮೊದಲು ಸಿಕ್ಕಿಬೀಳುವುದು ನೀನು. ಹೆದರಿಸಿದರೆ ಸರಕಾರಿ ವಕೀಲರಿಗೆ ಹೇಳು. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ರಕ್ಷಣೆಯ ಯೋಜನೆ ಇದೆ, ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರುವ ಸಮಿತಿಗೆ ಅರ್ಜಿ ಕೊಡಬಹುದು. ಮನೆ ನಡೆಸಲು ಕಷ್ಟ ಇದ್ದರೆ ಕಾಸರಗೋಡಿನ ವಿದ್ಯಾನಗರದ ಕೋರ್ಟು ಸಂಕೀರ್ಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ವಿಚಾರಿಸು. ಇಂಥ ಕೊಲೆಯಲ್ಲಿ ಮನೆಯವರಿಗೆ ಪರಿಹಾರ ಕೊಡಿಸುವ ಕೆಲಸ ಅವರದ್ದು, ವಕೀಲರ ಸಹಾಯವೂ ಸಿಗುತ್ತದೆ. ಮತ್ತೆ, ಕಾಗದಪತ್ರ ಮಲಯಾಳದಲ್ಲಿದ್ದರೆ, ಓದಲಿಕ್ಕೆ ಬಾರದಿದ್ದರೆ, ನಂಬಿಕೆಯವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳದೆ ಒಂದಕ್ಕೂ ಸಹಿ ಹಾಕಬೇಡ. ನಮ್ಮ ಕಡೆಯ ಎಷ್ಟೋ ಜನ ಇದರಲ್ಲೇ ಸಿಕ್ಕಿಬಿದ್ದಿದ್ದಾರೆ.

ಇನ್ನು ಆ ಹಿರಿಯರ ಬಗ್ಗೆ. ನನಗೆ ಇದರಲ್ಲಿ ತುಂಬ ಸಿಟ್ಟು ಬಂದದ್ದು ಅವರ ಮೇಲೆ. ನಿಕಲ್ ಮೈನ್ಸಿನಲ್ಲಿ ಊರಿನವರು ಮಗಳನ್ನು ಕಳೆದುಕೊಂಡ ಮನೆಗೆ ಹೋಗಿ 'ನೀನು ಕ್ಷಮಿಸು' ಅನ್ನಲಿಲ್ಲ. ಅವರೇ ಕೊಂದವನ ಮನೆಗೆ ಹೋದರು. ಕಳೆದುಕೊಂಡವರ ಹಟ್ಟಿಯಲ್ಲಿ ದನ ಕರೆದರು, ಗುಡಿಸಿದರು, ಬೇಯಿಸಿದರು, ಆಸ್ಪತ್ರೆಯ ಬಿಲ್ಲನ್ನು ಒಟ್ಟಿಗೆ ಹೊತ್ತರು. ಕ್ಷಮಿಸುವ ಭಾರವನ್ನು ಊರು ತಾನು ಎತ್ತಿಕೊಂಡಿತು, ಒಬ್ಬ ತಾಯಿಯ ತಲೆ ಮೇಲೆ ಇಡಲಿಲ್ಲ. ನಿನ್ನ ಹಿರಿಯರು ನಿನ್ನ ಅಣ್ಣನ ತೋಟದ ಅಡಿಕೆ ಕೊಯ್ಯಿಸಿ ಕೊಟ್ಟಿದ್ದಾರಾ? ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರಾ? ಕೇಳಿ ನೋಡು. ಅವರು ಅಮಿಷರಿಂದ ಎತ್ತಿಕೊಂಡದ್ದು ಆ ಒಂದು ಶಬ್ದ ಮಾತ್ರ.

ಹರಕೆಯ ವಿಷಯ ಉಳಿಯಿತು. ಕಾನತ್ತೂರಿನ ನಾಲ್ವರ್ ದೈವಗಳ ಮುಂದೆ ಹೇಳಿಕೊಂಡರೆ ಸುಳ್ಳು ಉಳಿಯುವುದಿಲ್ಲ ಅಂತ ನಮ್ಮ ಕಡೆ ಎಲ್ಲ ಜಾತಿಯವರೂ ನಂಬುತ್ತಾರೆ. ನೀನು ಕತ್ತಿ ಹಿಡಿಯಲಿಲ್ಲ, ನಿನ್ನ ತಮ್ಮಂದಿರನ್ನೂ ಹಿಡಿಯಲು ಬಿಡಲಿಲ್ಲ, ತೀರ್ಮಾನ ದೈವಕ್ಕೆ ಬಿಟ್ಟೆ. ಇಷ್ಟರ ಮಟ್ಟಿಗೆ ನೀನು ಅಮಿಷರ ಜೊತೆಯೇ ಇದ್ದೀಯ, ಶಿಕ್ಷೆ ಕೊಡುವುದು ದೇವರ ಕೆಲಸ, ನಮ್ಮದಲ್ಲ ಅಂತ ಅವರೂ ಹೇಳುವುದು. ಅಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ. ನೀನು ಅವನಿಗೆ ಕೆಟ್ಟದಾಗಲಿ ಅಂತ ಕಾಯುತ್ತೀ, ಅವರು ಒಳ್ಳೆಯದಾಗಲಿ ಅಂತ ಪ್ರಾರ್ಥಿಸುತ್ತಾರೆ. ಆ ಎರಡನೇ ಹೆಜ್ಜೆ ಇಡು ಅಂತ ನಾನು ಹೇಳುವುದಿಲ್ಲ. ಹೇಳಲಿಕ್ಕೆ ನಾನು ಯಾರು? ನಿನಗೆ ಯಾವತ್ತಾದರೂ ಮನಸ್ಸಾದರೆ ಆಗಲಿ, ಆಗದಿದ್ದರೂ ನೀನು ಕೆಟ್ಟವಳಲ್ಲ.

ಪ್ರಶ್ನೆ (ಪೆರ್ಲ): ಅಷ್ಟು ದೂರ ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮ ದ್ರೌಪದಿಯೂ ಐದು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕ್ಷಮಿಸಲಿಲ್ಲವೇ? ತಾಳಮದ್ದಳೆಯಲ್ಲಿ ಆ ಅರ್ಥ ಕೇಳಿ ನಾನು ಅತ್ತಿದ್ದೇನೆ.

ಉತ್ತರ: ಒಳ್ಳೆಯ ನೆನಪು. ಅಲ್ಲೂ ಐದು ಮಕ್ಕಳು, ಇಲ್ಲೂ ಐದು. ಆದರೆ ಯಾವ ದ್ರೌಪದಿ? ಭಾಗವತದ ದ್ರೌಪದಿ, ಅರ್ಜುನ ಕಟ್ಟಿ ತಂದವನನ್ನು ನೋಡಿ ಬಿಟ್ಟುಬಿಡಿ ಅನ್ನುತ್ತಾಳೆ. ನಾನು ಅತ್ತ ಹಾಗೆ ಅವನ ತಾಯಿ ಅಳುವುದು ಬೇಡ ಅನ್ನುತ್ತಾಳೆ. ನಿಮ್ಮನ್ನು ಅಳಿಸಿದ್ದು ಇದು. ಮಹಾಭಾರತದ ಸೌಪ್ತಿಕ ಪರ್ವದ ದ್ರೌಪದಿ ಹಾಗಲ್ಲ. ಅವನನ್ನು ಕೊಂದು ಅವನ ತಲೆಯ ಮಣಿ ತರುವವರೆಗೆ ಅನ್ನ ನೀರು ಮುಟ್ಟುವುದಿಲ್ಲ ಅಂತ ಕೂತುಬಿಡುತ್ತಾಳೆ. ಕೊನೆಗೆ ಮಣಿ ಸಿಗುತ್ತದೆ, ಅಷ್ಟಕ್ಕೆ ಏಳುತ್ತಾಳೆ.

ನನಗೆ ಇಬ್ಬರೂ ಬೇಕು. ಒಬ್ಬಳೇ ಹೆಂಗಸು ಬೆಳಿಗ್ಗೆ ಒಬ್ಬಳಾಗಿ ಸಂಜೆ ಇನ್ನೊಬ್ಬಳಾಗುವುದೂ ಉಂಟು. ಒಂದು ಗಮನಿಸಿ, ಕ್ಷಮಿಸಿದ ಭಾಗವತದಲ್ಲೂ ಅಶ್ವತ್ಥಾಮ ಸುಮ್ನೆ ಮನೆಗೆ ಹೋಗಲಿಲ್ಲ. ಅವನ ಮಣಿ ಕಿತ್ತು, ಕೂದಲು ಕತ್ತರಿಸಿ ಓಡಿಸಿದರು. ಈ ಭಾಗವನ್ನು ನಮ್ಮ ಅರ್ಥಧಾರಿಗಳು ಇನ್ನೂ ಸ್ವಲ್ಪ ಎಳೆದು ಹೇಳಬೇಕು ಅಂತ ನನ್ನ ಆಸೆ.

ಪ್ರಶ್ನೆ (ಮಂಜೇಶ್ವರ): ನಾವೂ ಕ್ರೈಸ್ತರು, ಅದೇ ಪ್ರಾರ್ಥನೆ ನಮ್ಮದೂ. ಅಮಿಷರನ್ನು ಅಷ್ಟು ಎತ್ತರಕ್ಕೆ ಇಡುವುದು ಸರಿಯಾ? ತಮ್ಮವರೇ ತಪ್ಪು ಮಾಡಿದರೆ ಮಾತು ಬಿಟ್ಟು ಹೊರಗಿಡುತ್ತಾರಂತಲ್ಲ?

ಉತ್ತರ: ಹೊರಗಿಡುತ್ತಾರೆ. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬವರ ಬೆನ್ನಿಗೆ ಈ ಪಂಗಡ ಬೇರೆಯಾಗಲು ಒಂದು ಕಾರಣವೇ ಅದು. ಹೊರಗೆ ಹಾಕಿದವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಬಾರದು ಅನ್ನುವ ಕಡೆ ಅವರು ನಿಂತರು. ದೀಕ್ಷೆ ತೆಗೆದುಕೊಂಡು ಮಾತು ಕೊಟ್ಟವನು ಮಾತು ಮುರಿದರೆ, ತಪ್ಪೊಪ್ಪಿಕೊಂಡು ಬಾಗುವವರೆಗೆ ದೂರ ಇಡುತ್ತಾರೆ. ಮಾತೇ ಕೊಡದ ಹೊರಗಿನವನಿಗೆ ಈ ನಿಯಮ ಇಲ್ಲ. ಹಾಗಾಗಿ ಕೊಲೆಗಾರನಿಗೆ ಒಂದು ಅಳತೆ, ಕಟ್ಟಳೆ ಮೀರಿ ಕಾರು ಕೊಂಡ ಮಗನಿಗೆ ಇನ್ನೊಂದು ಅಳತೆ ಅನ್ನಿಸುವುದು ಸಹಜ.

ಇದಕ್ಕಿಂತ ಕೆಟ್ಟದ್ದೂ ಇದೆ. ಮನೆಯೊಳಗೇ ದೌರ್ಜನ್ಯಕ್ಕೆ ಸಿಕ್ಕಿದ ಅಮಿಷ್ ಹುಡುಗಿಯರು ಎಷ್ಟೋ ಜನ ದೊಡ್ಡವರಾದ ಮೇಲೆ ಬಾಯಿ ಬಿಟ್ಟಿದ್ದಾರೆ. ತಪ್ಪು ಮಾಡಿದವನು ಸಭೆಯ ಮುಂದೆ ಮೊಣಕಾಲೂರಿ ಒಪ್ಪಿಕೊಂಡು ಕೆಲವು ವಾರ ದೂರ ಇದ್ದರೆ ಮುಗಿಯಿತು. ಆಮೇಲೆ ಹುಡುಗಿ ಕ್ಷಮಿಸಲೇಬೇಕು, ಆ ಮಾತು ಮತ್ತೆ ಎತ್ತಿದರೆ ಅವಳದ್ದೇ ಪಾಪ. ಪೊಲೀಸರಿಗೆ ಹೇಳುವುದಂತೂ ದೂರ. ಸತ್ತುಹೋದ ಹೊರಗಿನವನನ್ನು ಕ್ಷಮಿಸುವುದಕ್ಕೂ, ಪಕ್ಕದ ಕೋಣೆಯಲ್ಲಿ ಮಲಗುವವನನ್ನು ಕ್ಷಮಿಸು ಎನ್ನುವುದಕ್ಕೂ ಆಕಾಶ ಭೂಮಿ ಅಂತರ. ಅವರ ಕಟ್ಟಳೆ ಇಲ್ಲಿ ಸೋತಿದೆ ಅಂತ ನಾನು ಹೇಳುತ್ತೇನೆ. ನಿಕಲ್ ಮೈನ್ಸನ್ನು ಹೊಗಳುವವರು ಇದನ್ನೂ ಹೇಳಬೇಕು.

ಎತ್ತರಕ್ಕೆ ಇಡಲು ಅಮಿಷರೇ ಬೇಕೆಂದೂ ಇಲ್ಲ. ನಮ್ಮ ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮರಿಯಾ ನಿಮಗೆ ಗೊತ್ತಿರಬೇಕು. ಮಧ್ಯಪ್ರದೇಶದಲ್ಲಿ ಬಡವರ ಪರ ಕೆಲಸ ಮಾಡುತ್ತಿದ್ದವರು, 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುವಾಗ ಇರಿದು ಕೊಂದರು. ಅವರ ತಂಗಿಯೂ ಸಿಸ್ಟರ್, 2002ರಲ್ಲಿ ಜೈಲಿಗೆ ಹೋಗಿ ಆ ಕೊಲೆಗಾರನ ಕೈಗೆ ರಾಖಿ ಕಟ್ಟಿದರು. ಅವನು ಹೊರಬಂದ ಮೇಲೆ ಪುಲ್ಲುವಳಿಗೆ ಬಂದು ಆ ತಾಯಿಯ ಮುಂದೆ ನಿಂತ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಸಂತಪದವಿಗಿಂತ ಒಂದು ಮೆಟ್ಟಿಲು ಕೆಳಗಿನ 'ಧನ್ಯರ' ಪಟ್ಟಿಗೆ ಸೇರಿಸಿದರು. ನೋಡಿ, ಕೊಲೆಗೂ ರಾಖಿಗೂ ನಡುವೆ ಏಳು ವರ್ಷ. ಅವರನ್ನು ಯಾರೂ ತಡ ಮಾಡಿದಿರಿ ಅನ್ನಲಿಲ್ಲ.

ಆಸ್ಟ್ರೇಲಿಯಾದಿಂದ ಬಂದಿದ್ದ ಗ್ಲಾಡಿಸ್ ಸ್ಟೇನ್ಸ್ ಅವರದ್ದು ಬೇರೆ ಬಗೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಸಣ್ಣ ಗಂಡುಮಕ್ಕಳನ್ನೂ ಗಾಡಿಯೊಳಗೇ ಸುಟ್ಟರು. ಆಕೆ ಬೇಗ ಕ್ಷಮಿಸಿದರು, ಆಮೇಲೂ ವರ್ಷಗಟ್ಟಲೆ ಇಲ್ಲೇ ಇದ್ದು ಕುಷ್ಠರೋಗಿಗಳ ಮನೆ ನಡೆಸಿದರು. ಆದರೆ ಕ್ಷಮೆ ಬೇರೆ, ಕಾನೂನು ಬೇರೆ ಅಂತ ಸ್ಪಷ್ಟವಾಗಿ ಹೇಳಿದರು. ಮುಖ್ಯ ಅಪರಾಧಿಗೆ ಆದ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮುಳ್ಳೇರಿಯದ ನನ್ನ ಮಗಳು ಇದನ್ನೂ ಓದಲಿ.

ಪ್ರಶ್ನೆ (ಎಣ್ಮಕಜೆ): ನಮ್ಮಲ್ಲಿ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆದರು. ನನ್ನ ತಂಗಿ ಇವತ್ತಿಗೂ ಹಾಸಿಗೆಯಲ್ಲಿದ್ದಾಳೆ. ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ. ಯಾರನ್ನು ಕ್ಷಮಿಸಲಿ?

ಉತ್ತರ: ಯಾರನ್ನೂ ಬೇಡ. ಕ್ಷಮೆ ಮನುಷ್ಯರ ನಡುವಿನದ್ದು. ಆಫೀಸಿನ ಫೈಲನ್ನು ಕ್ಷಮಿಸಲಿಕ್ಕೆ ಆಗುವುದಿಲ್ಲ. ಎರಡು ದಶಕಕ್ಕೂ ಜಾಸ್ತಿ ಕಾಲ, 2000ದವರೆಗೆ, ನಿಮ್ಮ ತಲೆ ಮೇಲೆ ವಿಷ ಸುರಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ 5 ಲಕ್ಷ ಕೊಡಿ ಅಂದಿತು. ಆ ದುಡ್ಡು, ಪೆನ್ಶನ್, ಚಿಕಿತ್ಸೆ ಇದರಲ್ಲಿ ಒಂದು ರೂಪಾಯಿ ಬಾಕಿ ಇದ್ದರೂ ಬಿಡಬೇಡಿ. ಅಮಿಷರ ಕಥೆ ಹೇಳಿ ನಿಮ್ಮನ್ನು ಯಾರಾದರೂ ಸುಮ್ಮನಿರಿಸಲು ಬಂದರೆ ನನಗೆ ಬರೆಯಿರಿ.

ಪ್ರಶ್ನೆ (ಊರು ಹಾಕಬೇಡಿ ಎಂದು ಕೇಳಿದ್ದಾರೆ): ನಾನು ಕೊಂದವನ ಅಮ್ಮ. ನನ್ನ ಮಗ ಕುಡಿದ ಮತ್ತಿನಲ್ಲಿ ಒಬ್ಬನ ಜೀವ ತೆಗೆದ, ಈಗ ಜೈಲಿನಲ್ಲಿದ್ದಾನೆ. ಸತ್ತವನ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ರೇಷನ್ ಅಂಗಡಿಗೆ ಹೋಗಲಿಕ್ಕೂ ನಾಚಿಕೆ. ಊರು ಬಿಟ್ಟು ಹೋಗೋಣ ಅಂತ ಇವರು ಹೇಳುತ್ತಾರೆ. ಆ ಮನೆಗೆ ಹೋಗಿ ಕಾಲು ಹಿಡಿಯಲಾ?

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಬೇಗ ಬರೆಯಲು ಆಗಲಿಲ್ಲ.

ನಿಕಲ್ ಮೈನ್ಸಿನ ಕೊಲೆಗಾರನಿಗೂ ಅಮ್ಮ ಇದ್ದರು. ಊರು ಬಿಡಬೇಕು ಅಂತ ಅವರಿಗೂ ಅನ್ನಿಸಿತು. ಅಮಿಷ್ ನೆರೆಯವರು ಬೇಡ, ಇಲ್ಲೇ ಇರಿ ಅಂದರು. ಉಳಿದರು. ಬದುಕಿ ಉಳಿದ ಐವರು ಹುಡುಗಿಯರಲ್ಲಿ ಒಬ್ಬಳಿಗೆ ತಲೆಗೆ ಗುಂಡು ತಗುಲಿತ್ತು. ನಡೆಯಲು, ಮಾತಾಡಲು, ತಾನಾಗಿ ಊಟ ಮಾಡಲು ಆಗುತ್ತಿರಲಿಲ್ಲ. ಈ ಅಮ್ಮ ಮುಂದೆ ವಾರಕ್ಕೊಮ್ಮೆ ಆ ಮನೆಗೆ ಹೋಗತೊಡಗಿದರು. ಮಗುವಿನ ಮೈ ಒರೆಸುವುದು, ಓದಿ ಹೇಳುವುದು, ಹಾಡುವುದು. ತನ್ನ ಮಗ ಮಾಡಿದ್ದನ್ನು ಪ್ರತಿ ವಾರ ಕಣ್ಣೆದುರು ನೋಡಿಕೊಂಡು ಮಾಡಿದ ಕೆಲಸ ಅದು. ಆ ಅಮ್ಮ 2017ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಆ ಹುಡುಗಿ 2024ರಲ್ಲಿ.

ಆದರೆ ಆ ಅಮ್ಮ ತಾನಾಗಿ ನುಗ್ಗಿ ಹೋಗಲಿಲ್ಲ. ಮೊದಲು ಬಾಗಿಲು ತೆರೆದದ್ದು ಕಳೆದುಕೊಂಡವರು. ಆ ಹಕ್ಕು ಅವರದ್ದು. ನೀವು ಈಗಲೇ ಹೋಗಬೇಡಿ. ಕೇಸು ನಡೆಯುವಾಗ ಹೋದರೆ ಸಾಕ್ಷಿ ತಿರುಗಿಸಲು ಬಂದರು ಅಂತ ಆಗುತ್ತದೆ, ನಿಮ್ಮ ಮಗನಿಗೂ ಅದು ಮುಳುವು, ಆ ಮನೆಯವರಿಗೂ ಹೆದರಿಕೆ. ನಿಮ್ಮ ವಕೀಲರಲ್ಲಿ ಮೊದಲು ಕೇಳಿ. ಕೇಸು ಮುಗಿದ ಮೇಲೆ ಎರಡೂ ಮನೆಗೆ ಬೇಕಾದ ಒಬ್ಬರ ಮೂಲಕ, ಬರಬಹುದಾ ಎಂದು ಮಾತ್ರ ಕೇಳಿಸಿ. ಹಿರಿಯರ ದಂಡು ಕಟ್ಟಿಕೊಂಡು ಹೋಗಬೇಡಿ, ಅಂಥವರು ಒಂದು ಹುಡುಗಿಗೆ ಎಷ್ಟು ಹಿಂಸೆ ಕೊಡುತ್ತಿದ್ದಾರೆ ಅಂತ ಮೇಲೆ ಓದಿದಿರಲ್ಲ. ಬೇಡ ಅಂದರೆ ಮತ್ತೆ ಕೇಳಿಸಬೇಡಿ. ಬನ್ನಿ ಅಂದರೆ ಒಬ್ಬರೇ ಹೋಗಿ, ತಪ್ಪಾಯಿತು ಅಂತ ಹೇಳಿ, ಮಗನ ಕುಡಿತದ ಕಥೆ, ಅವನ ಒಳ್ಳೆಯ ಗುಣ ಏನೂ ಹೇಳಬೇಡಿ.

ಊರು ಬಿಡುವುದು ನಿಮ್ಮ ಇಷ್ಟ. ಅವನು ಕೊಂದ, ನೀವು ಕೊಂದದ್ದಲ್ಲ. ರೇಷನ್ ಅಂಗಡಿಗೆ ಹೋಗಿ, ಕಾರ್ಡು ನಿಮ್ಮದೇ.